ಚಿತ್ತಾಪುರದ ಒಂದು ಪಿಕಪ್, ಐದು ಟೈರು, ಎರಿ ಮಣ್ಣು

ಜೂನ್ ಮೊದಲ ವಾರ. ಮಿರಗದ ಮಳೆ ಇನ್ನೂ ಶುರುವಾಗಿರಲಿಲ್ಲ, ಆದರೆ ಮಧ್ಯಾಹ್ನವಾಗುತ್ತಿದ್ದಂತೆ ಮೋಡ ಕಟ್ಟುತ್ತಿತ್ತು. ನಮ್ಮ ಕಾಕಾನ ಮಗ, ನನಗಿಂತ ಹನ್ನೊಂದು ವರ್ಷ ದೊಡ್ಡವರು, ತಮ್ಮ ಇಸುಜು ವಿ-ಕ್ರಾಸ್ ಪಿಕಪ್ ತಗೊಂಡು ಕಲಬುರಗಿಯ ನಮ್ಮ ಅಂಗಡಿಗೆ ಬಂದರು. ನಾನು ಇಲ್ಲಿ ವೀಲ್ ಅಲೈನ್‌ಮೆಂಟ್ ಮತ್ತು ಟೈರ್ ಕೆಲಸ ಮಾಡುತ್ತೇನೆ. ಗಾಡಿ ನಿಲ್ಲಿಸಿ ಇಳಿದವರೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅವರದೇ ಮಾಡೆಲ್, ಅದೇ ಬಣ್ಣ, ಆದರೆ ಗಾಲಿ ಎದೆಯುದ್ದ.

"ತಮ್ಮಾ, ಲಿಫ್ಟ್ ಅಂತೂ ಆಗ್ಯಾದ. ಇನ್ನ ಇಂಥಾ ಟೈರ್ ಹಚ್ಚಿಬಿಡು. ಮಳಿ ಬರೋದ್ರೊಳಗ ಆಗಬೇಕು ನೋಡು."

ಲಿಫ್ಟ್ ಅಂದರೆ ಸಸ್ಪೆನ್ಷನ್ ಎತ್ತರಿಸಿ ಗಾಡಿಯ ಬಾಡಿಯನ್ನು ಮೇಲೆ ಏರಿಸುವುದು. ಫೋಟೋದಲ್ಲಿ ಇದ್ದದ್ದು 275/65 ಆರ್18 ಸೈಜಿನ ಟೈರ್ (ಈ ನಂಬರ್ ಓದುವುದು ಹೇಗೆ ಅಂತ ಮುಂದೆ ಹೇಳುತ್ತೇನೆ). ಅಣ್ಣನ ಗಾಡಿಯಲ್ಲಿ ಕಂಪನಿಯಿಂದ ಬಂದದ್ದು 255/60 ಆರ್18. ಎರಡೂ 18 ಇಂಚಿನ ರಿಮ್ಮಿಗೇ ಕೂರುತ್ತವೆ, ಹಾಗಾಗಿ ರಿಮ್ ಬದಲಿಸುವ ಖರ್ಚಿಲ್ಲ, ಸುಮ್ನೆ ಟೈರ್ ಬಿಚ್ಚಿ ಹಾಕಿದರಾಯಿತು ಎಂಬುದು ಅವರ ಲೆಕ್ಕ. ಅವತ್ತೇ ಹಾಕಿ ಕಳಿಸಬಹುದಿತ್ತು. ಕಳಿಸಲಿಲ್ಲ. ಕೊನೆಗೆ ಟೈರ್ ಹಾಕುವಷ್ಟರಲ್ಲಿ ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನದಲ್ಲಿ ಏನೇನು ನೋಡಿದೆವು, ಏನು ಅಳೆದೆವು, ಯಾಕೆ ಬೇರೆ ಸೈಜಿಗೆ ಬಂದೆವು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇನೆ. ಏಕೆಂದರೆ ಇದೇ ಪ್ರಶ್ನೆ ಹಿಡಿದು ನಮ್ಮ ಅಂಗಡಿಗೆ ಬರುವವರು ಈಗ ಜಾಸ್ತಿ ಆಗಿದ್ದಾರೆ. ಅವರು ನೋಡಿರುವ ವಿಡಿಯೋಗಳೆಲ್ಲ ಮರಳಿನವು, ಇಲ್ಲವೇ ಬೆಟ್ಟದ ಕಲ್ಲಿನವು. ನಮ್ಮ ಎರಿ ಹೊಲದವು ಅಲ್ಲ.

ಗಾಡಿ ಎಲ್ಲಿ ಓಡುತ್ತದೆ

ಅಣ್ಣನ ಹೊಲ ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯಿಂದ ಸ್ವಲ್ಪ ಒಳಗೆ. 22 ಎಕರೆ, ಎಲ್ಲ ಕರಿ ಎರಿ. ತೊಗರಿ ಮುಖ್ಯ, ಸ್ವಲ್ಪ ಹೆಸರು. ಇದರ ಜೊತೆಗೆ ಶಹಾಬಾದ್ ಕಡೆ ಒಂದು ಪರ್ಸಿ (ಹಾಸುಗಲ್ಲು) ಪಾಲಿಶ್ ಘಟಕದಲ್ಲಿ ಪಾಲು ಇದೆ, ಹಾಗಾಗಿ ವಾರಕ್ಕೆ ಎರಡು ಮೂರು ಸಲ ಕಲ್ಲಿನ ಖಣಿಗೆ ಹೋಗಿಬರುತ್ತಾರೆ. ತಿಂಗಳಿಗೆ ಎರಡು ಸಲ ಹುಮನಾಬಾದ್ ದಾಟಿ ಹೈದರಾಬಾದ್.

ನಾನು ಮೊದಲು ಮಾಡಿದ ಕೆಲಸ ಒಂದೇ. ಒಂದು ಹಾಳೆ ಕೊಟ್ಟು, "ಅಣ್ಣಾ, ಒಂದು ತಿಂಗಳಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕಿಲೋಮೀಟರ್ ಹೋಗ್ತೀರಿ ಬರೀರಿ" ಅಂದೆ. ಅವರು ಕೂತು ನೆನಪು ಮಾಡಿಕೊಂಡು ಬರೆದರು. ಒಟ್ಟು ಸುಮಾರು 1,900. ಅದರಲ್ಲಿ ಡಾಂಬರು ರಸ್ತೆ 1,500 ದಾಟಿತ್ತು. ಖಣಿ ದಾರಿ, ಕಡಿ ಹಾಕಿದ ರಸ್ತೆ ಎಲ್ಲ ಸೇರಿ 300. ಹೊಲದ ಬಂಡಿದಾರಿ ಬರೀ 100ರ ಹತ್ತಿರ. ಬರೆದದ್ದನ್ನು ಅವರೇ ಎರಡು ಸಲ ನೋಡಿದರು. ತಮ್ಮ ಗಾಡಿ ಹೊಲದಲ್ಲೇ ಇರುತ್ತದೆ ಅಂತ ಅವರ ಮನಸ್ಸಿನಲ್ಲಿತ್ತು. ಹೊಲದಲ್ಲಿ ಸಿಕ್ಕಿಬಿದ್ದ ದಿನಗಳು ನೆನಪಿರುತ್ತವೆ, ಹೆದ್ದಾರಿಯಲ್ಲಿ ಸುಖವಾಗಿ ಹೋದ ದಿನಗಳು ನೆನಪಿರೋದಿಲ್ಲ ಅಲ್ವಾ.

ಹಾಗಂತ ಆ 100 ಕಿಲೋಮೀಟರನ್ನು ಬಿಟ್ಟುಬಿಡುವಂತಿಲ್ಲ. ಬಿತ್ತನೆಗೆ ಬೀಜ, ಗೊಬ್ಬರದ ಚೀಲ, ಔಷಧಿ ಪಂಪು ಒಯ್ಯುವುದು ಅದೇ ದಾರಿಯಲ್ಲಿ. ಗಾಡಿ ಅಲ್ಲಿ ಹೂತರೆ ಒಂದು ದಿನ ಹೋಯಿತು, ಜೊತೆಗೆ ಟ್ರ್ಯಾಕ್ಟರ್ ಬಾಡಿಗೆ.

ಲಿಫ್ಟ್ ನಿಜವಾಗಿ ಎಷ್ಟಿತ್ತು

ಲಿಫ್ಟ್ ಕಿಟ್ ಹಾಕಿಸಿದ್ದು ಎರಡು ತಿಂಗಳ ಹಿಂದೆ, ಬೇರೆ ಊರಿನಲ್ಲಿ. ಎರಡು ಇಂಚು ಅಂತ ಹೇಳಿ ಹಾಕಿದ್ದರು. ನಾನು ಟೇಪು ಹಿಡಿದೆ. ಗಾಲಿಯ ನಡುವಿನ ಹಬ್‌ನಿಂದ ನೇರವಾಗಿ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರು, ಹವಾ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಲಿಫ್ಟ್ ಮಾಡುವ ಮೊದಲಿನ ಅಳತೆ ಯಾರೂ ಬರೆದಿಟ್ಟಿರಲಿಲ್ಲ, ಆದ್ದರಿಂದ ಪರಿಚಯದವರ ಅದೇ ಮಾಡೆಲಿನ, ಲಿಫ್ಟ್ ಮಾಡದ ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ ಅಳೆದೆ. ಹಿಂದೆ ವ್ಯತ್ಯಾಸ 40 ಎಂಎಂ. ಮುಂದೆ 62 ಎಂಎಂ! ಎರಡು ಇಂಚು ಅಂದರೆ 51 ಎಂಎಂ, ಹಾಗಾಗಿ ಹಿಂದೆ ಕಡಿಮೆ, ಮುಂದೆ ಜಾಸ್ತಿ.

ಮುಂದೆ ಹೀಗಾಗಲು ಕಾರಣ ಇದೆ. ಈ ಗಾಡಿಯ ಮುಂದೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಗಾಲಿಯನ್ನು ಮೇಲೊಂದು ಕೆಳಗೊಂದು ಆರ್ಮ್ (ಕಬ್ಬಿಣದ ತೋಳು) ಹಿಡಿದಿರುತ್ತದೆ, ಜೊತೆಗೆ ಕಾಯಿಲ್ ಸ್ಪ್ರಿಂಗ್. ಹಿಂದೆ ಪಟ್ಟಿ ಸ್ಪ್ರಿಂಗ್. ಮುಂದಿನ ಶಾಕ್ ಅಬ್ಸಾರ್ಬರ್ ಕೆಳಗಿನ ಆರ್ಮ್‌ನ ತುದಿಗೆ ಕೂತಿರುವುದಿಲ್ಲ, ನಡುವೆ ಎಲ್ಲೋ ಕೂತಿರುತ್ತದೆ. ಅದರ ತಲೆ ಮೇಲೆ 30 ಎಂಎಂ ಸ್ಪೇಸರ್ (ಎತ್ತರ ಹೆಚ್ಚಿಸಲು ಇಡುವ ದಪ್ಪ ಬಿಲ್ಲೆ) ಇಟ್ಟರೆ ಗಾಲಿಯ ಹತ್ತಿರ ಅದು ಹೆಚ್ಚು ಕಡಿಮೆ ಎರಡು ಪಟ್ಟು ಆಗುತ್ತದೆ. ಇಲ್ಲಿ ಇಟ್ಟಿದ್ದೂ 30 ಎಂಎಂ ಸ್ಪೇಸರ್. ಹಾಕಿದವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೈಯಲ್ಲಿ ಇದ್ದದ್ದನ್ನು ಹಾಕಿದರೋ ನನಗೆ ತಿಳಿಯದು. ಆದರೆ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡದೇ ಗಾಡಿ ಕೊಟ್ಟಿದ್ದರು. ಇದಕ್ಕೆ ನನಗೆ ನಿಜವಾಗಿ ಬೇಸರವಾಯಿತು. ಲಿಫ್ಟ್ ಮಾಡಿದರೆ ಆರ್ಮ್‌ಗಳ ಕೋನ ಬದಲಾಗುತ್ತದೆ, ಗಾಲಿಯ ನಿಲುವು ಬದಲಾಗುತ್ತದೆ, ಇದು ಈ ಕೆಲಸದ ಮೊದಲ ಪಾಠ.

ಎರಡೇ ತಿಂಗಳಲ್ಲಿ ಮುಂದಿನ ಎರಡೂ ಟೈರಿನ ಹೊರ ಅಂಚು ಸವೆದಿತ್ತು. ತಿರುವು ತಗೊಂಡ ಮೇಲೆ ಸ್ಟೀರಿಂಗ್ ತಾನಾಗಿ ಸರಿಯಾಗಿ ವಾಪಸ್ ಬರುತ್ತಿರಲಿಲ್ಲ. "ಹೆದ್ದಾರಿಯಲ್ಲಿ ಗಾಡಿ ಸ್ವಲ್ಪ ತೇಲಿದಂಗ ಆಗ್ತದ" ಅಂತ ಅಣ್ಣನೂ ಹೇಳಿದರು. ಲಿಫ್ಟ್‌ನಿಂದ ಕ್ಯಾಸ್ಟರ್, ಅಂದರೆ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾದರೆ ಹೀಗೇ ಆಗುತ್ತದೆ. ಗಾಡಿ ಎತ್ತಿ ಕೆಳಗೆ ನೋಡಿದರೆ ಮುಂದಿನ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟುಗಳು ತುಂಬಾ ಬಾಗಿದ್ದವು. ಒಂದರ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹೊಳೆಯುತ್ತಿದ್ದವು. ಆ ಬೂಟು ಹರಿದರೆ ಗ್ರೀಸ್ ಹೊರಗೆ, ಎರಿ ಮಣ್ಣು ಒಳಗೆ, ಆಮೇಲೆ ಜಾಯಿಂಟ್ ಹೋಗಲು ಹೆಚ್ಚು ದಿನ ಬೇಕಿಲ್ಲ.

ಅಣ್ಣನಿಗೆ ನೇರವಾಗಿ ಹೇಳಿದೆ, ಟೈರ್ ಮಾತು ಆಮೇಲೆ, ಮೊದಲು ಮುಂದಿನ ಲಿಫ್ಟ್ ಇಳಿಸಬೇಕು. ಅವರಿಗೆ ಹಿಡಿಸಲಿಲ್ಲ. ರೊಕ್ಕ ಕೊಟ್ಟು ಏರಿಸಿದ್ದನ್ನು ಮತ್ತೆ ರೊಕ್ಕ ಕೊಟ್ಟು ಇಳಿಸುವುದು ಯಾರಿಗೆ ಹಿಡಿಸುತ್ತದೆ. ಬೂಟು ತೋರಿಸಿದ ಮೇಲೆ ಒಪ್ಪಿದರು. 30 ಎಂಎಂ ಸ್ಪೇಸರ್ ತೆಗೆದು 20 ಎಂಎಂ ಹಾಕಿದೆವು. ಮುಂದೆ ಲಿಫ್ಟ್ 41 ಎಂಎಂಗೆ ಬಂತು, ಹಿಂದಿನ 40ಕ್ಕೆ ಸರಿಯಾಗಿ ಕೂತಿತು. ಕ್ಯಾಂಬರ್ (ಗಾಲಿಯ ತಲೆ ಒಳಗೆ ಹೊರಗೆ ವಾಲುವ ಕೋನ), ಟೋ (ಗಾಲಿಯ ಮುಂಭಾಗ ಒಳಗೆ ಹೊರಗೆ ತಿರುಗಿರುವ ಕೋನ) ಎರಡೂ ಕಂಪನಿ ಮಿತಿಯೊಳಗೆ ಬಂದವು. ಕ್ಯಾಸ್ಟರ್ ಮಿತಿಯ ಕೆಳ ಅಂಚಿನಲ್ಲಿ ನಿಂತಿತು, ಆದರೆ ನಿಂತಿತು. 62ರಲ್ಲೇ ಬಿಟ್ಟಿದ್ದರೆ ಮೇಲಿನ ಆರ್ಮ್‌ಗಳನ್ನೇ ಬದಲಿಸಬೇಕಾಗುತ್ತಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಲಿಫ್ಟ್ ಮಾಡಿದರೆ ಗಾಡಿಯ ಬಾಡಿ ಮತ್ತು ಚಾಸಿ ಮೇಲೆ ಹೋಗುತ್ತವೆ. ಹಿಂದಿನ ಆಕ್ಸಲ್ ನಡುವೆ ಇರುವ ಡಿಫರೆನ್ಶಿಯಲ್ (ಎಂಜಿನ್ನಿನ ಎಳೆತವನ್ನು ಎರಡೂ ಗಾಲಿಗೆ ಹಂಚುವ ಗುಂಡಗಿನ ಗೇರು ಡಬ್ಬಿ) ಒಂದು ಎಂಎಂ ಕೂಡ ಮೇಲೆ ಹೋಗುವುದಿಲ್ಲ, ಅದು ಗಾಲಿಯ ಜೊತೆಗೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ಟೈರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧ ಮಾತ್ರ. ಬಂಡಿದಾರಿಯ ನಡುವಿನ ದಿಬ್ಬ ತಾಗುವುದು ಮೊದಲು ಆ ಡಿಫರೆನ್ಶಿಯಲ್‌ಗೇ. ಅಣ್ಣ ದೊಡ್ಡ ಟೈರ್ ಕೇಳಿದ್ದರಲ್ಲಿ ಹುರುಳಿಲ್ಲದೇ ಇರಲಿಲ್ಲ.

ಸೈಜಿನ ಲೆಕ್ಕ

ಟೈರಿನ ಮೇಲಿನ ನಂಬರ್ ಓದೋದು ಕಷ್ಟ ಅಲ್ಲ. 255/60 ಆರ್18 ಅಂದರೆ ಅಗಲ 255 ಎಂಎಂ, ಪಕ್ಕದ ಗೋಡೆಯ ಎತ್ತರ ಆ ಅಗಲದ 60 ಪರ್ಸೆಂಟ್, ರಿಮ್ 18 ಇಂಚು. ಗೋಡೆ 153 ಎಂಎಂ, ಮೇಲೆ ಕೆಳಗೆ ಸೇರಿ 306, ರಿಮ್ 457. ಒಟ್ಟು ಎತ್ತರ 763 ಎಂಎಂ.

ಅಣ್ಣ ಕೇಳಿದ 275/65 ಇದೇ ಲೆಕ್ಕದಲ್ಲಿ 815 ಎಂಎಂ ಆಗುತ್ತದೆ. ಎತ್ತರ 52 ಎಂಎಂ ಜಾಸ್ತಿ, ಅಂದರೆ ಡಿಫರೆನ್ಶಿಯಲ್ ಕೆಳಗೆ 26 ಎಂಎಂ ಸಿಗುತ್ತದೆ. ಇದು ಸಣ್ಣ ಲಾಭ ಅಲ್ಲ. ಆದರೆ ಸುತ್ತಳತೆ 6.7 ಪರ್ಸೆಂಟ್ ಹೆಚ್ಚುತ್ತದೆ. ನಡುವೆ 255/65 ಆರ್18 ಇದೆ, ಎತ್ತರ 789. ನನ್ನ ಮನಸ್ಸಿಗೆ ಅದೇ ಸರಿ ಅನಿಸಿತ್ತು, ಏಕೆಂದರೆ ಅಗಲ ಹೆಚ್ಚಿಸದೇ ಎತ್ತರ ಮಾತ್ರ ಹೆಚ್ಚಿಸುತ್ತದೆ. ಆದರೆ ಕಲಬುರಗಿಯಲ್ಲೂ ಹೈದರಾಬಾದಿನಲ್ಲೂ ನಾವು ಕೇಳಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ತರಿಸಿಕೊಟ್ಟರೂ ನಾಳೆ ಖಣಿಯಲ್ಲಿ ಒಂದು ಟೈರ್ ಹರಿದರೆ ಜೋಡಿ ಎಲ್ಲಿಂದ ತರುವುದು? ಉಳಿದದ್ದು 265/60 ಆರ್18, ಎತ್ತರ 775. ಫಾರ್ಚೂನರ್, ಹೈಲಕ್ಸ್ ಗಾಡಿಗಳಿಗೆ ಬರುವ ಸೈಜು, ಆದ್ದರಿಂದ ಯಾವ ದೊಡ್ಡ ಊರಲ್ಲಾದರೂ ಸಿಗುತ್ತದೆ. ಎತ್ತರ 12 ಎಂಎಂ ಜಾಸ್ತಿ, ಡಿಫರೆನ್ಶಿಯಲ್ ಕೆಳಗೆ ಸಿಗುವುದು ಬರೀ 6.

"ಆರು ಎಂಎಂ ಅಂದ್ರ ಒಂದು ಪೆನ್ಸಿಲ್ ದಪ್ಪ ಇಲ್ಲ ತಮ್ಮಾ. ಇಷ್ಟಕ್ಕ ಇಷ್ಟೆಲ್ಲಾ ಮಾಡಬೇಕಾ?"

ನ್ಯಾಯವಾದ ಪ್ರಶ್ನೆ. ನಾನು ವಾದ ಮಾಡಲಿಲ್ಲ. ಪರಿಚಯದವರ ಹತ್ತಿರ 275/65 ಇತ್ತು, ಒಂದು ಟೈರ್ ಎರಡು ದಿನಕ್ಕೆ ಕೇಳಿ ತಂದೆ. ಹಾಕಿಯೇ ನೋಡೋಣ ಅಂದೆ.

ಸೀಮೆಸುಣ್ಣದ ಪರೀಕ್ಷೆ

ಅಂಗಡಿಯಲ್ಲಿ ಸಪಾಟು ನೆಲದ ಮೇಲೆ ನಿಲ್ಲಿಸಿದರೆ 275 ಚಂದವಾಗಿ ಕೂತಿತು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಎಲ್ಲೂ ತಾಗಲಿಲ್ಲ. ಅಣ್ಣನ ಮುಖ ಅರಳಿತು. ಬಹಳ ಅಂಗಡಿಗಳಲ್ಲಿ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಫೋಟೋ ತೆಗೆದು ಕಳಿಸುತ್ತಾರೆ.

ನಾವು ಊರ ಹೊರಗೆ ಮಣ್ಣು ಗುಡ್ಡೆ ಇದ್ದ ಖಾಲಿ ಜಾಗಕ್ಕೆ ಹೋದೆವು. ಟೈರಿನ ಎರಡೂ ಭುಜಕ್ಕೆ, ಅಂದರೆ ನೆಲ ತಾಗುವ ಭಾಗ ಮತ್ತು ಪಕ್ಕದ ಗೋಡೆ ಸೇರುವ ಅಂಚಿಗೆ, ದಪ್ಪವಾಗಿ ಸೀಮೆಸುಣ್ಣ ಹಚ್ಚಿದೆ. ಹಿಂದೆ ನಾಲ್ಕು ಜನ ಕೂತರು. ಮುಂದಿನ ಎಡಗಾಲಿ ಗುಡ್ಡೆ ಹತ್ತುವಂತೆ ಮಾಡಿ, ಸಸ್ಪೆನ್ಷನ್ ಪೂರ್ತಿ ಅದುಮಿದಾಗ ಸ್ಟೀರಿಂಗ್ ತಿರುಗಿಸಿ, ಆಮೇಲೆ ಹಾಗೇ ತಿರುಗಿಸಿಕೊಂಡು ರಿವರ್ಸ್ ಬಂದೆವು. ರಿವರ್ಸ್‌ನಲ್ಲಿ ತಾಗುವುದು ಜಾಸ್ತಿ, ಅದನ್ನು ಯಾರೂ ನೋಡುವುದಿಲ್ಲ. ಕರ್ ಅಂತ ಶಬ್ದ ಬಂತು. ಇಳಿದು ನೋಡಿದರೆ ಸುಣ್ಣ ಮೂರು ಕಡೆ ಅಂಟಿತ್ತು. ಮಡ್‌ಫ್ಲ್ಯಾಪ್ ಮೇಲೆ, ಗಾಲಿಯ ಹಿಂದೆ ಬಾಗಿಲ ಕಡೆಗಿನ ಪ್ಲಾಸ್ಟಿಕ್ ಮೇಲೆ, ಅದರ ಹಿಂದೆ, ಕ್ಯಾಬಿನ್ನನ್ನು ಚಾಸಿಗೆ ಕೂರಿಸುವ ಕ್ಯಾಬಿನ್ ಮೌಂಟ್‌ನ ಕಬ್ಬಿಣದ ಅಂಚಿನ ಮೇಲೆ. ಪ್ಲಾಸ್ಟಿಕ್ ಕತ್ತರಿಸಬಹುದು. ಮಡ್‌ಫ್ಲ್ಯಾಪ್ ಬಿಚ್ಚಬಹುದು. ಕ್ಯಾಬಿನ್ ಮೌಂಟ್ ಕತ್ತರಿಸುವುದಕ್ಕೆ ನಾನು ಕೈ ಹಾಕುವುದಿಲ್ಲ.

ಲಿಫ್ಟ್ ಇದ್ದರೂ ಯಾಕೆ ತಾಗಿತು ಅಂತ ಅಣ್ಣ ಕೇಳಿದರು. ಗಾಡಿ ನಿಂತಾಗ ಮಾತ್ರ ಲಿಫ್ಟ್‌ನ ಜಾಗ ಕಾಣುತ್ತದೆ. ಬಂಪ್ ಸ್ಟಾಪ್ (ಗಾಲಿ ತೀರಾ ಮೇಲೇರುವುದನ್ನು ತಡೆಯುವ ರಬ್ಬರ್) ಕಂಪನಿಯದೇ ಇದ್ದರೆ, ಸಸ್ಪೆನ್ಷನ್ ಪೂರ್ತಿ ಅದುಮಿದಾಗ ಗಾಲಿ ಮೊದಲು ಎಲ್ಲಿಯವರೆಗೆ ಏರುತ್ತಿತ್ತೋ ಅಲ್ಲಿಯವರೆಗೆ ಏರಿಯೇ ಏರುತ್ತದೆ. ಕಡಿಮೆ ಆಫ್‌ಸೆಟ್‌ನ ರಿಮ್ ಹಾಕಿ ಗಾಲಿಯನ್ನು ಹೊರಗೆ ತಂದರೂ ಬಗೆಹರಿಯುವುದಿಲ್ಲ. ಒಳಗೆ ಜಾಗ ಸಿಗುತ್ತದೆ, ಆದರೆ ತಿರುಗುವಾಗ ಗಾಲಿ ಇನ್ನೂ ದೊಡ್ಡ ಸುತ್ತು ಹೊಡೆದು ಹಿಂದಿನ ಮೂಲೆಗೆ ಬಡಿಯುತ್ತದೆ. ಹಬ್‌ಗೆ ಸ್ಪೇಸರ್ ಹಾಕುವುದಂತೂ ಬೇಡವೇ ಬೇಡ. ಭಾರ ಹೊರುವ ಗಾಡಿಯ ಬೇರಿಂಗು ಮತ್ತು ಬೋಲ್ಟ್‌ಗಳ ಮೇಲೆ ಅದರ ಜಗ್ಗು ಹೆಚ್ಚು.

ಇಷ್ಟಾದರೂ ಅಣ್ಣ 275ನ್ನು ಪೂರ್ತಿ ಬಿಟ್ಟಿರಲಿಲ್ಲ. ಅವರನ್ನು ಬಿಡಿಸಿದ್ದು ಮಳೆ.

ರಾಡಿಗೆ ಬೇಕಾದ ಜಾಗ

ಜೂನ್ ಎರಡನೇ ವಾರ ಚಿತ್ತಾಪುರ ಕಡೆ ಚೆನ್ನಾಗಿ ಹೊಡೆಯಿತು. ಮಾರನೇ ದಿನ ಮಧ್ಯಾಹ್ನ, ಮೇಲ್ಮಣ್ಣು ಸ್ವಲ್ಪ ಬಿಗಿದ ಮೇಲೆ, ಹಳೆ 255 ಟೈರಿನಲ್ಲೇ ಅವರ ಬಂಡಿದಾರಿಗೆ ಹೋದೆವು. ನಾನು ಬೇಕಂತಲೇ ಹೋಗಿದ್ದು.

ಎರಿ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಇದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಅದರಲ್ಲಿರುವ ಜೇಡಿಯೇ ಅಂಥದ್ದು. ಮರಳಾಗಿದ್ದರೆ ಟೈರ್ ತಿರುಗಿದಾಗ ಉದುರುತ್ತಿತ್ತು, ಕೆಮ್ಮಣ್ಣಾಗಿದ್ದರೆ ಜಾರುತ್ತಿತ್ತು. ಎರಿ ಮಣ್ಣು ಅಂಟುತ್ತದೆ, ಅಂಟಿದ್ದರ ಮೇಲೆ ಮತ್ತೆ ಅಂಟುತ್ತದೆ. ನಮ್ಮ ಭಾಗದಲ್ಲಿ ಬೈಕ್ ಇರುವ ರೈತರಿಗೆಲ್ಲ ಇದು ಗೊತ್ತು. ಹಸಿ ಹೊಲದ ದಾರಿಯಲ್ಲಿ ನೂರು ಮಾರು ಹೋಗುವಷ್ಟರಲ್ಲಿ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ರಾಡಿ ತುಂಬಿ ಗಾಲಿ ತಿರುಗೋದೇ ನಿಲ್ಲುತ್ತದೆ. ಇಳಿದು ಕಟ್ಟಿಗೆ ತುಂಡಿನಿಂದ ಕೆದರಬೇಕು.

ಪಿಕಪ್‌ನಲ್ಲೂ ಅದೇ ಆಯಿತು, ನಿಧಾನವಾಗಿ. ಮುನ್ನೂರು ಮೀಟರ್ ಹೋಗಿ ನಿಲ್ಲಿಸಿ ನೋಡಿದೆವು. ಟೈರಿನ ಸುತ್ತ ಎರಡು ಬೆರಳು ದಪ್ಪ ರಾಡಿ. ಗಾಲಿಯ ಗೂಡಿನ ಒಳಗೆ, ಹಿಂದಿನ ಮೂಲೆಯಲ್ಲಿ, ಅಂದರೆ ಸೀಮೆಸುಣ್ಣ ಅಂಟಿದ್ದ ಅದೇ ಜಾಗದಲ್ಲಿ, ಮುಷ್ಟಿ ಗಾತ್ರದ ಹೆಂಟೆ. ಹಳೆ ಸಣ್ಣ ಟೈರಿಗೇ ಹೀಗೆ. ಲಿಫ್ಟ್ ಕೊಟ್ಟ ಜಾಗವನ್ನೆಲ್ಲ ರಾಡಿ ತುಂಬಿಕೊಂಡಿತ್ತು. ಅಣ್ಣ ಬಗ್ಗಿ ನೋಡಿದರು, ಬೆರಳಿಟ್ಟು ನೋಡಿದರು.

"275 ಹಚ್ಚಿದ್ರ ಇಲ್ಲೇ ಗಾಲಿ ಕಟ್ತಿತ್ತು" ಅಂದರು. ನಾನು ಹೇಳಬೇಕಾದ್ದನ್ನು ಅವರೇ ಹೇಳಿದರು.

ನನ್ನ ಇಡೀ ತೀರ್ಮಾನ ನಿಂತಿದ್ದು ಇದರ ಮೇಲೆ. ಎರಿ ಸೀಮೆಯಲ್ಲಿ ಲಿಫ್ಟ್‌ನಿಂದ ಸಿಗುವ ಖಾಲಿ ಜಾಗ ಟೈರಿಗಲ್ಲ, ರಾಡಿಗೆ. ಆ ಜಾಗವನ್ನು ಟೈರಿನಿಂದಲೇ ತುಂಬಿದರೆ ಲಿಫ್ಟ್ ಮಾಡಿಸಿದ್ದೇ ದಂಡ. ಅಗಲದ ಮಾತೂ ಹೀಗೇ. ಮರಳಿನಲ್ಲಿ ಅಗಲ ಟೈರ್ ತೇಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ನಮ್ಮಲ್ಲಿ ಮೇಲೆ ಒಂದು ಗೇಣು ರಾಡಿ, ಕೆಳಗೆ ಗಟ್ಟಿ. ಹೆಚ್ಚು ಅಗಲ ಇಲ್ಲದ ಟೈರ್ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ. ಇನ್ನು ಜೋರು ಮಳೆ ಬಿದ್ದ ಮೊದಲ ಒಂದೆರಡು ದಿನ ಎರಿ ಹೊಲಕ್ಕೆ ಯಾವ ಟೈರ್ ಹಾಕಿದರೂ ಹೋಗಬಾರದು. ಇದನ್ನು ಅಣ್ಣನಿಗೆ ಮುಖಕ್ಕೆ ಮುಖ ಹೇಳಿದೆ, ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಎಂಟಿ ಬೇಡ, ಎಟಿ ಬೇಕು ಅಂದದ್ದು

ಮಡ್ ಟೆರೇನ್, ಅಂದರೆ ಎಂಟಿ ಟೈರಿನ ಮೇಲ್ಮೈಯ ದೊಡ್ಡ ದೊಡ್ಡ ರಬ್ಬರ್ ಗಡ್ಡೆಗಳ ನಡುವೆ ಅಗಲ ಸಂದು ಇರುತ್ತದೆ. ಗಾಲಿ ಜೋರಾಗಿ ತಿರುಗಿದಾಗ ರಾಡಿ ಕಿತ್ತು ಹೋಗುತ್ತದೆ. ಹೊಲಕ್ಕೆ ಅದು ಒಳ್ಳೆಯದೇ. ಆದರೆ ಅಣ್ಣನ ಹಾಳೆಯಲ್ಲಿ 1,500 ಕಿಲೋಮೀಟರ್ ಡಾಂಬರು ಇತ್ತು. ಒದ್ದೆ ಡಾಂಬರಿನ ಮೇಲೆ ಎಂಟಿ ಟೈರಿನ ಬ್ರೇಕ್ ಹಿಡಿತ ಕಡಿಮೆ, ಶಬ್ದ ಜಾಸ್ತಿ, ಸವೆತವೂ ಜಾಸ್ತಿ. ಹೈದರಾಬಾದ್ ದಾರಿಯಲ್ಲಿ ಮಳೆಯಲ್ಲಿ ಲಾರಿ ಹಿಂದೆ ಬ್ರೇಕ್ ಹೊಡೆಯುವ ಕ್ಷಣ ಹೊಲದಲ್ಲಿ ಹೂತು ನಿಲ್ಲುವ ಗಂಟೆಗಿಂತ ದೊಡ್ಡದು. ಆಲ್ ಟೆರೇನ್, ಎಟಿ, ಅಂತ ತೀರ್ಮಾನ ಮಾಡಿದೆವು, ಅದರಲ್ಲೂ ಭುಜದ ಕಡೆ ಸಂದು ತೆರೆದಿರುವ ಮಾದರಿ.

ಪರ್ಸಿ ಖಣಿಯ ದಾರಿ ಇನ್ನೊಂದು ಥರ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುತ್ತದೆ, ಒಡೆದ ಚೂರಿನ ಅಂಚು ಚಾಕುವಿನಂತೆ ಇರುತ್ತದೆ. ಅಲ್ಲಿ ಟೈರ್ ಹೋಗುವುದು ನೆಲಕ್ಕೆ ತಾಗುವ ಕಡೆಯಿಂದ ಅಲ್ಲ, ಪಕ್ಕದ ಗೋಡೆಯಿಂದ. ಗೋಡೆ ಸೀಳಿದರೆ ಪಂಚರ್ ಹಾಕಿ ಓಡಿಸುವಂತಿಲ್ಲ, ಟೈರ್ ಬದಲಿಸಬೇಕು. ಹಾಗಾಗಿ ಭುಜದ ಗಡ್ಡೆಗಳು ಗೋಡೆಯ ಮೇಲೂ ಸ್ವಲ್ಪ ಇಳಿದು ಬಂದಿರುವ ಟೈರನ್ನೇ ಹುಡುಕಿದೆವು.

ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರುತ್ತದೆ ಎಂಬ ನಂಬರಿನ ವಿಷಯದಲ್ಲಿ ಒಂದು ವಾರ ತಡವಾಯಿತು. ಅಣ್ಣನ ಹಳೆ ಟೈರಿನ ಮೇಲೆ 112 ಅಂತ ಇತ್ತು, ಅಂದರೆ ಒಂದು ಟೈರ್ 1,120 ಕೆಜಿ ಹೊರುತ್ತದೆ. ಮೊದಲು ಸಿಕ್ಕ 265/60ರ ಮೇಲೆ 110 ಇತ್ತು, 1,060 ಕೆಜಿ. ಟೈರ್ ದೊಡ್ಡದು, ಹೊರುವ ಶಕ್ತಿ ಚಿಕ್ಕದು! ಅಂಗಡಿಯವರು "ಏನೂ ಆಗಲ್ಲ" ಅಂದರು. ಗೊಬ್ಬರದ ಚೀಲ ಹೊರುವ ಗಾಡಿಗೆ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇಂಡೆಕ್ಸ್‌ನ ಟೈರ್ ನಾನು ಹಾಕುವುದಿಲ್ಲ. 114, ಅಂದರೆ 1,180 ಕೆಜಿಯದು ಬರುವವರೆಗೆ ಕಾದೆವು. ಬಂದ ಮೇಲೆ ತಯಾರಾದ ವಾರವನ್ನೂ ನೋಡಿದೆ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1024 ಅಂತ ಇದ್ದರೆ 2024ರ ಹತ್ತನೇ ವಾರ. 265/60ಕ್ಕೆ 7.5 ಇಂಚಿಗಿಂತ ಕಡಿಮೆ ಅಗಲದ ರಿಮ್ ಆಗುವುದಿಲ್ಲ, ರಿಮ್ ಒಳಗೆ ಬರೆದಿದ್ದ ಅಳತೆ ನೋಡಿ ಖಚಿತ ಮಾಡಿಕೊಂಡೆವು.

ತಗೊಂಡಿದ್ದು ಐದು ಟೈರು. ನಾಲ್ಕಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ಎತ್ತರ ಇದ್ದರೆ, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೆ ಎಳೆದಾಟ ಶುರುವಾಗುತ್ತದೆ. ಸ್ಟೆಪ್ನಿ ಹಳೆ ಸೈಜಿನದೇ ಇಟ್ಟುಕೊಂಡರೆ ಹೊಲದಲ್ಲಿ ಪಂಚರ್ ಆದ ದಿನ ಫೋರ್ ವೀಲ್ ಇಲ್ಲ ಅಂತಲೇ ಲೆಕ್ಕ. 265 ಹಿಂದೆ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಒತ್ತಿ ಕೂತಿತು, ಆದರೆ ಕೂತಿತು. ಒಟ್ಟು ಖರ್ಚು 80,000 ರೂಪಾಯಿಯ ಆಸುಪಾಸು.

ಬ್ರೇಕು, ಗೇರು, ಮೀಟರು

ಟೈರ್ ಎತ್ತರವಾದಷ್ಟೂ ಎಂಜಿನ್ನಿನ ಎಳೆತ ನೆಲಕ್ಕೆ ಮುಟ್ಟುವುದು ಕಡಿಮೆಯಾಗುತ್ತದೆ. 275ಕ್ಕೆ ಅದು ಆರು ಪರ್ಸೆಂಟ್ ದಾಟುತ್ತಿತ್ತು. ಟೈರಿನ ತೂಕವೂ ಜಾಸ್ತಿ, ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಕಷ್ಟ. ಖಣಿಯಿಂದ ಭಾರ ಹೊತ್ತು ಮೇಲೆ ಬರುವಾಗ, ಇಳಿಜಾರಿನಲ್ಲಿ ಬ್ರೇಕ್ ಒತ್ತುವಾಗ ಇದು ಗೊತ್ತಾಗುತ್ತದೆ. 265ಕ್ಕೆ ಒಂದೂವರೆ ಪರ್ಸೆಂಟ್, ಅಣ್ಣನಿಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ.

ಮೀಟರ್ ಕೂಡ ನೋಡಿದೆವು. ಹಳೆ ಟೈರಿನಲ್ಲಿ ಮೀಟರ್ 100 ತೋರಿಸುವಾಗ ಮೊಬೈಲಿನ ಜಿಪಿಎಸ್ 96 ತೋರಿಸುತ್ತಿತ್ತು. ಹೊಸದರಲ್ಲಿ 97.5. 275 ಹಾಕಿದ್ದರೆ 102 ದಾಟುತ್ತಿತ್ತು, ಅಂದರೆ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತಿತ್ತು.

ಕಾಗದದ ವಿಷಯ ಲಿಫ್ಟ್ ಮಾಡಿಸುವ ಮೊದಲೇ ಕೇಳಬೇಕಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಕಂಪನಿ ಒಪ್ಪದ ಸೈಜು, ಲಿಫ್ಟ್ ಎರಡೂ ಇದರ ಅಡಿ ಬರಬಹುದು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಲಿಫ್ಟ್, ಟೈರ್ ಎರಡನ್ನೂ ವಿಮೆ ಕಂಪನಿಗೆ ಬರೆದು ತಿಳಿಸಿ, ಆರ್‌ಟಿಓ ಕಚೇರಿಯಲ್ಲೂ ಕೇಳಿ ಅಂತ ಅಣ್ಣನಿಗೆ ಹೇಳಿದೆ. ಬರೆದರು. ಇದನ್ನು ಓದುವವರು ಕಿಟ್ ಕೊಳ್ಳುವ ಮೊದಲೇ ಕೇಳಿ.

ಹವಾ

ಹಾಕಿದ ದಿನ ಅಲೈನ್‌ಮೆಂಟ್ ಮತ್ತೆ ಮಾಡಿದೆ, ನೂರು ಕಿಲೋಮೀಟರ್ ಓಡಿದ ಮೇಲೆ ಗಾಲಿ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿದೆ. ಹವಾ ಎಷ್ಟಿರಬೇಕು ಎಂಬುದಕ್ಕೂ ಸೀಮೆಸುಣ್ಣವೇ. ಟೈರಿನ ಅಗಲಕ್ಕೆ ಅಡ್ಡ ಗೆರೆ ಎಳೆದು ನೇರ ಡಾಂಬರಿನ ಮೇಲೆ ಐವತ್ತು ಮೀಟರ್ ಹೋಗಬೇಕು. ನಡುವೆ ಮಾತ್ರ ಅಳಿಸಿದ್ದರೆ ಹವಾ ಜಾಸ್ತಿ, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಖಾಲಿ ಗಾಡಿಗೆ 33 ಪಿಎಸ್‌ಐನಲ್ಲಿ ಗೆರೆ ಸಮವಾಗಿ ಅಳಿಸಿತು. ಭಾರ ಇದ್ದಾಗ ಹಿಂದಿನ ಎರಡಕ್ಕೆ ಹೆಚ್ಚಿಸಬೇಕು, ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದದ್ದಕ್ಕಿಂತ ಕಡಿಮೆ ಮಾಡಬಾರದು.

ನಮ್ಮ ಊರಿನ ಬಿಸಿಲಿಗೆ ಇನ್ನೊಂದು ಎಚ್ಚರ ಬೇಕು. ಹವಾ ನೋಡುವುದು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು. ಟೈರ್ ಐದಾರು ಡಿಗ್ರಿ ಬಿಸಿಯಾದರೆ ಒಂದು ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಬಿಸಿ ಟೈರಿನಲ್ಲಿ 40 ತೋರಿಸಿತು ಅಂತ ಹವಾ ಬಿಟ್ಟುಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ. ಕಡಿಮೆ ಹವಾದಲ್ಲಿ ಹೆದ್ದಾರಿಗೆ ಹೋದರೆ ಗೋಡೆ ಬಾಗಿ ಬಾಗಿ ಕಾದು ಟೈರ್ ಒಡೆಯುತ್ತದೆ. ಹೊಲದ ದಾರಿಗೆ ಮಾತ್ರ ಅಣ್ಣ 20 ಪಿಎಸ್‌ಐಗೆ ಇಳಿಸುತ್ತಾರೆ, ನಿಧಾನ ಹೋಗುತ್ತಾರೆ, ಡಾಂಬರಿಗೆ ಬರುವ ಮೊದಲು ಬ್ಯಾಟರಿಗೆ ಹಚ್ಚುವ ಸಣ್ಣ ಕಂಪ್ರೆಸರ್‌ನಿಂದ ಮತ್ತೆ ತುಂಬುತ್ತಾರೆ. ಹಳೆ ಟೈರಿಗೂ ಹೊಸ ಟೈರಿಗೂ ಹೊಲದಲ್ಲಿ ಕಂಡ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹವಾ ಇಳಿಸುವುದರಿಂದ ಬಂದದ್ದು ಅಂತ ನನ್ನ ಅಂದಾಜು.

ಏಳು ತಿಂಗಳ ನಂತರ

ಜನವರಿಯಲ್ಲಿ ತೊಗರಿ ರಾಶಿ ಮುಗಿಸಿ ಗಾಡಿ ತಂದರು. 13,000 ಕಿಲೋಮೀಟರ್ ದಾಟಿತ್ತು. ಹೊಸದರಲ್ಲಿ 11 ಎಂಎಂ ಇದ್ದ ಗಡ್ಡೆ ಈಗ 9, ಒಳ ಅಂಚು ಹೊರ ಅಂಚು ಸಮ. ಮಳೆಗಾಲದಲ್ಲಿ ಒಮ್ಮೆ ಹೂತಿದೆ. ಅದು ಮಳೆ ಬಿದ್ದ ಮಾರನೇ ಬೆಳಿಗ್ಗೆಯೇ ಹೋಗಿದ್ದರಿಂದ, ಅದನ್ನು ಅವರೇ ಹೇಳಿದರು. ಗೂಡಿನಲ್ಲಿ ರಾಡಿ ತುಂಬಿ ಗಾಲಿ ಕಟ್ಟಿದ್ದು ಒಂದು ಸಲವೂ ಇಲ್ಲ. ಹಿಂದಿನ ಬಲ ಟೈರಿನ ಗೋಡೆಯ ಮೇಲೆ ಪರ್ಸಿ ಚೂರಿನ ಒಂದು ಗೀರು ಇದೆ, ಹೆಬ್ಬೆರಳಿನಷ್ಟು ಉದ್ದ. ಒಳಗಿನ ದಾರ ಕಾಣಿಸಿಲ್ಲ. ಆ ಟೈರನ್ನು ಸ್ಟೆಪ್ನಿ ಮಾಡಿ, ಸ್ಟೆಪ್ನಿಯನ್ನು ಅದರ ಜಾಗಕ್ಕೆ ಹಾಕಿದೆ. ಡ್ರೈವ್ ಶಾಫ್ಟ್ ಬೂಟುಗಳು ಒಣಗಿಯೇ ಇವೆ, ಗ್ರೀಸ್ ಹೊರಬಂದಿಲ್ಲ, ಆದರೆ ಮೊದಲು ಉಜ್ಜಿ ಹೊಳೆದಿದ್ದ ಆ ಒಂದು ಬೂಟಿನ ಮೇಲೆ ನನಗೆ ಇನ್ನೂ ನಂಬಿಕೆ ಇಲ್ಲ. ಬಿತ್ತನೆಗೆ ಮುಂಚೆ ಅದನ್ನು ಬದಲಿಸೋಣ ಅಂದಿದ್ದೇನೆ. ಮೇ ತಿಂಗಳಲ್ಲಿ ಬರುತ್ತೇನೆ ಅಂದಿದ್ದಾರೆ.